ಹಳೆಯ ಕ್ಷೌರದ ಕತ್ತಿ: ಹಡಗಿನ ಚಿತ್ರದ್ದೋ, ಕಪ್ಪು ಹಿಡಿಕೆಯದ್ದೋ?

ಕಳೆದ ತಿಂಗಳು ಪರಿಚಯದವರೊಬ್ಬರು ವಾಟ್ಸಾಪಿನಲ್ಲಿ ಮೂರು ಫೋಟೋ ಕಳಿಸಿದರು. ಒಂದು ಇಂಗ್ಲೆಂಡಿನ ಶೆಫೀಲ್ಡ್ ಊರಿನ ಅಗಲವಾದ ಕತ್ತಿ, ಅಲಗಿನ ಮೇಲೆ ಹಡಗಿನ ಚಿತ್ರ, 35 ಡಾಲರ್. ಇನ್ನೊಂದು ಜರ್ಮನಿಯ ಸೋಲಿಂಗೆನ್‌ನದು, ಕಪ್ಪು ಹಿಡಿಕೆ, ನೋಡಲು ತೀರಾ ಸಪ್ಪೆ, ಮಸೆದು ಕೊಡುತ್ತಾರಂತೆ, 85 ಡಾಲರ್. ಮೂರನೆಯದು ಹೊಸದು, ಕಂಪನಿಯ ಹೆಸರೇ ಇಲ್ಲ, ಮರದ ಹಿಡಿಕೆ, 1,200 ರೂಪಾಯಿಗೆ ಮನೆ ಬಾಗಿಲಿಗೇ ಬರುತ್ತದೆ. ಕೆಳಗೆ ಒಂದು ಸಾಲು: "ಸಾರ್, ಯಾವುದು ತಗೊಳ್ಳಲಿ? ಹಡಗಿಂದು ಚೆನ್ನಾಗಿದೆ ಅಲ್ವಾ?"

ಇಂಥ ಪ್ರಶ್ನೆ ವರ್ಷದಲ್ಲಿ ಏಳೆಂಟು ಸಲ ಬರುತ್ತದೆ. ಫೋನಿನಲ್ಲಿ ಬೆರಳು ಸವೆಸಿ ಉತ್ತರ ಬರೆಯುವ ಬದಲು ಒಮ್ಮೆ ಕೂತು ಎಲ್ಲ ಹೇಳಿಬಿಡುತ್ತೇನೆ.

ಮಾತು ಮಡಚುವ ಕತ್ತಿಯದು. ಬ್ಲೇಡು ಸಿಕ್ಕಿಸುವಂಥದಲ್ಲ, ಅಲಗನ್ನೇ ಕಲ್ಲಿನ ಮೇಲೆ ಮಸೆದು, ಚರ್ಮದ ಪಟ್ಟಿಯ ಮೇಲೆ ತೀಡಿ ಬಳಸುವಂಥದು. ಹಿಂದೆ ಹಳ್ಳಿಯಲ್ಲಿ ಕ್ಷೌರಿಕರು ಹಡಪ ಬಿಚ್ಚಿದರೆ ಹೊರಬರುತ್ತಿದ್ದದ್ದು ಅದೇ. ಈಗಿನ ಸಲೂನುಗಳಲ್ಲಿ ಕಾಣುವುದು ಆಕಾರದಲ್ಲಿ ಹಾಗೇ ಇದ್ದರೂ ಅದರ ಬಾಯಲ್ಲಿರುವುದು ಮುರಿದ ಅರ್ಧ ಬ್ಲೇಡು. 1903ರಲ್ಲಿ ಜಿಲೆಟ್‌ನ ಸೇಫ್ಟಿ ರೇಜರ್ ಮಾರಾಟಕ್ಕೆ ಬಂತು, ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರ ಕಿಟ್ಟಿಗೂ ಸೇರಿತು. ಅಲ್ಲಿಂದಾಚೆ ಮಡಚುವ ಕತ್ತಿಗಳು ಒಂದೊಂದಾಗಿ ಡ್ರಾಯರಿನ ಮೂಲೆ ಹಿಡಿದವು. ನಮಗೆ ಈಗ ಸಿಗುವ ಹಳೆಯ ಮಾಲಿನಲ್ಲಿ ಬಹುಪಾಲು ಹಾಗೆ ಮೂಲೆ ಹಿಡಿದದ್ದೇ. ಕೆಲವನ್ನು ಒರೆಸಿ ಎಣ್ಣೆ ಸವರಿ ಇಟ್ಟಿದ್ದಾರೆ, ಕೆಲವನ್ನು ಒದ್ದೆಯಲ್ಲೇ ಮಡಚಿ ಮರೆತಿದ್ದಾರೆ. ಮಾರುವವರು ಹೇಳುವ ಬೆಲೆಯಲ್ಲಿ ಈ ವ್ಯತ್ಯಾಸ ಎಷ್ಟೋ ಸಲ ಕಾಣುವುದೇ ಇಲ್ಲ.

ಮೊದಲು ಬಾಯಿ, ಆಮೇಲೆ ಹೆಸರು

ಕತ್ತಿಯ ಬಾಯಿ, ಅಂದರೆ ಕೊಯ್ಯುವ ಅಂಚು, ನೇರವಾಗಿರಬೇಕು, ಇಲ್ಲವೇ ಲೇಸಾಗಿ ಹೊರಕ್ಕೆ ಉಬ್ಬಿರಬೇಕು. ನಡುವೆ ಒಳಕ್ಕೆ ತಗ್ಗಿದ್ದರೆ ಯಾರೋ ವರ್ಷಗಟ್ಟಲೆ ತಪ್ಪಾಗಿ ಮಸೆದಿದ್ದಾರೆ ಎಂದರ್ಥ. ಅಂಥದ್ದನ್ನು ಚಪ್ಪಟೆ ಕಲ್ಲಿನ ಮೇಲಿಟ್ಟರೆ ಎರಡು ತುದಿ ಮಾತ್ರ ತಾಗುತ್ತವೆ, ನಡುಭಾಗ ಮೊಂಡಾಗಿಯೇ ಉಳಿಯುತ್ತದೆ. ಸರಿಮಾಡಬಹುದು, ಆದರೆ ಅಷ್ಟು ಉಕ್ಕು ಸವೆಸಬೇಕು. ಹೊಸಬರ ಕೈಕೆಲಸ ಅಲ್ಲ.

ಸಣ್ಣ ಮುಕ್ಕು, ಅರ್ಧ ಮಿಲಿಮೀಟರಿನ ಒಳಗಿನದು, ಮಸೆದರೆ ಹೋಗುತ್ತದೆ. ಬಿರುಕು ಹೋಗುವುದಿಲ್ಲ. ಇದನ್ನು ನಾನು ದುಡ್ಡು ಕೊಟ್ಟು ಕಲಿತೆ. ನನ್ನ ಮೊದಲ ಕತ್ತಿ ಕನ್ನಡಿಯಂತೆ ಹೊಳೆಯುತ್ತಿತ್ತು. ಮಾರಿದವರು ಬಫಿಂಗ್ ಮೆಷಿನ್ನಿಗೆ ಕೊಟ್ಟು ಮಿಂಚಿಸಿದ್ದರು. 1000 ನಂಬರಿನ (ನಂಬರ್ ಏರಿದಷ್ಟು ಕಲ್ಲು ನುಣುಪು) ಕಲ್ಲಿನ ಮೇಲೆ ನೀರು ಚಿಮುಕಿಸಿ ಇಪ್ಪತ್ತು ಸಲ ಎಳೆದಿದ್ದೆನೋ ಇಲ್ಲವೋ, 'ಟಿಕ್' ಎಂದಿತು. ಮೊನೆಯ ಹತ್ತಿರ ಉಗುರಿನ ಚೂರಿನಂಥ ಒಂದು ತುಣುಕು ಕಲ್ಲಿನ ಮೇಲೇ ಉಳಿಯಿತು. ಕೂದಲೆಳೆಯ ಬಿರುಕು ಆ ಹೊಳಪಿನ ಅಡಿಯಲ್ಲಿ ಮೊದಲಿಂದಲೂ ಇತ್ತು. ಅಂದಿನಿಂದ ಅತಿಯಾಗಿ ಹೊಳೆಯುವ ಹಳೆಯ ಕತ್ತಿ ಕಂಡರೆ ನನಗೆ ಅನುಮಾನವೇ ಮೊದಲು. ಅಲ್ಲಲ್ಲಿ ಕಂದು ಕಲೆ ಇರುವ, ಯಾರೂ ಉಜ್ಜದ ಕತ್ತಿ ತನ್ನ ಕಥೆಯನ್ನು ಮುಚ್ಚಿಡುವುದಿಲ್ಲ.

ಎರಡನೆಯದು ಬೆನ್ನು, ಬಾಯಿಗೆ ಎದುರಿನ ದಪ್ಪ ಬದಿ. ಈ ಕತ್ತಿಯನ್ನು ಮಸೆಯುವಾಗ ಬೆನ್ನು ಮತ್ತು ಬಾಯಿ ಎರಡೂ ಕಲ್ಲಿಗೆ ತಾಗಿರುತ್ತವೆ. ಕೋನವನ್ನು ಕೈ ಊಹಿಸಬೇಕಿಲ್ಲ, ಬೆನ್ನಿನ ದಪ್ಪವೇ ಅದನ್ನು ಗೊತ್ತುಮಾಡುತ್ತದೆ. ಬೆನ್ನು 5 ಮಿಲಿಮೀಟರ್ ದಪ್ಪ, ಅಲಗು 18 ಮಿಲಿಮೀಟರ್ ಅಗಲ ಇದ್ದರೆ ಬಾಯಿಯ ಕೋನ ಸುಮಾರು 16 ಡಿಗ್ರಿ ಬರುತ್ತದೆ. ಗಡ್ಡಕ್ಕೆ ಹಿತವಾದದ್ದು ಅದೇ ಆಸುಪಾಸಿನದು. ಹಾಗಾಗಿ ಪ್ರತಿ ಸಲ ಮಸೆದಾಗ ಬೆನ್ನೂ ಕೊಂಚ ಸವೆಯುತ್ತದೆ, ಸವೆದಲ್ಲಿ ಒಂದು ಹೊಳೆಯುವ ಪಟ್ಟಿ ಮೂಡುತ್ತದೆ. ಆ ಪಟ್ಟಿ ಉದ್ದಕ್ಕೂ ಒಂದೇ ಸಮ, ಒಂದು ಮಿಲಿಮೀಟರಿನಷ್ಟಿದ್ದರೆ ಚಿಂತೆಯಿಲ್ಲ. ಮೂರು ಮಿಲಿಮೀಟರ್ ದಾಟಿದ್ದರೆ, ಅಥವಾ ಒಂದು ಕಡೆ ಅಗಲ ಇನ್ನೊಂದು ಕಡೆ ಕಿರಿದಾಗಿದ್ದರೆ, ಕತ್ತಿಯ ಆಯಸ್ಸು ಮುಗಿಯುತ್ತ ಬಂದಿದೆ.

ತುಕ್ಕಿನ ವಿಷಯದಲ್ಲಿ ಎಷ್ಟು ಎನ್ನುವುದಕ್ಕಿಂತ ಎಲ್ಲಿ ಎನ್ನುವುದು ಮುಖ್ಯ. ಬೆನ್ನಿನ ಬಳಿ, ಹೆಸರು ಒತ್ತಿರುವ ಬುಡದ ಬಳಿ ಇದ್ದರೆ ಅದು ಬರೀ ಅಂದಕ್ಕೆ ಕುಂದು. ಬಾಯಿಯಿಂದ ಎರಡು ಮೂರು ಮಿಲಿಮೀಟರಿನ ಒಳಗೆ ಕಪ್ಪು ಗುಳಿಗಳಿದ್ದರೆ ಬಿಡಿ; ಮಸೆದಂತೆಲ್ಲ ಆ ಗುಳಿಗಳೇ ಅಂಚಿಗೆ ಬಂದು ಅಲ್ಲಿ ಮುಕ್ಕಾಗುತ್ತದೆ.

ಹಿಡಿಕೆಯನ್ನು ಮೂಸಿ ನೋಡಿ ಎಂದರೆ ನಗುತ್ತಾರೆ. ಹಳೆಯ ಹಿಡಿಕೆಗಳು ಬಹಳಷ್ಟು ಸೆಲ್ಯುಲಾಯ್ಡ್‌ನವು, ಅದನ್ನು ಮಾಡುವಾಗ ಕರ್ಪೂರ ಸೇರಿಸುತ್ತಿದ್ದರು. ಮಂದವಾಗಿ ದೇವರ ಮನೆಯ ವಾಸನೆ ಬಂದರೆ ತೊಂದರೆಯಿಲ್ಲ. ಹುಳಿಹುಳಿ, ಕಣ್ಣಿಗೆ ಚುರುಗುಟ್ಟುವ ವಾಸನೆ ಬಂದರೆ ಅದು ಕೊಳೆಯಲು ಶುರುವಾಗಿದೆ. ಕೊಳೆಯುವ ಸೆಲ್ಯುಲಾಯ್ಡ್ ಬಿಡುವ ಆಮ್ಲದ ಆವಿ ತನ್ನ ಅಲಗನ್ನೂ ತಿನ್ನುತ್ತದೆ, ಪಕ್ಕದಲ್ಲಿಟ್ಟ ಕತ್ತಿಯನ್ನೂ ಬಿಡುವುದಿಲ್ಲ. ಇದು ಬೆಂಕಿಗೂ ಬೇಗ ಹತ್ತಿಕೊಳ್ಳುವ ಪದಾರ್ಥ; ಶುದ್ಧ ಮಾಡುತ್ತೇನೆಂದು ಕುದಿಯುವ ನೀರಿಗೆ ಹಾಕಬೇಡಿ, ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಅಲಗನ್ನು ಮಾತ್ರ ಒರೆಸಿ. ಇನ್ನು ದಂತದ ಹಿಡಿಕೆಯದು ವಿದೇಶದಿಂದ ತರಿಸುವ ಯೋಚನೆಯೇ ಬೇಡ. ಎಷ್ಟೇ ಹಳೆಯದಾಗಲಿ, ಭಾರತದಲ್ಲಿ ದಂತದ ವ್ಯಾಪಾರ ಅಪರಾಧ.

ಅಗಲವನ್ನು ಇಂಚಿನ ಎಂಟನೇ ಭಾಗಗಳಲ್ಲಿ ಅಳೆಯುತ್ತಾರೆ. 5/8 ಎಂದರೆ ಸುಮಾರು 16 ಮಿಲಿಮೀಟರ್, 6/8 ಎಂದರೆ 19. ಹೊಸಬರಿಗೆ ಇವೆರಡರಲ್ಲಿ ಒಂದು. 4/8 ತೀರಾ ಸಣ್ಣದು, ನೊರೆ ಬೇಗ ತುಂಬಿಕೊಳ್ಳುತ್ತದೆ. 7/8, 8/8 ಕೈಗೆ ಭಾರ, ಮೂಗಿನ ಕೆಳಗೆ ತಿರುಗಿಸಲು ಪರದಾಟ. ಮೊನೆ ಗುಂಡಗಿರಲಿ. ಚೌಕ ಮೊನೆ ಮೀಸೆಯ ಅಂಚು ತಿದ್ದಲು ಬಲು ಚೆಂದ, ಆದರೆ ಮೊದಲ ತಿಂಗಳು ಕಿವಿಯ ಹಾಲೆ ಅದಕ್ಕೆ ಸಿಗುವುದು ಖಂಡಿತ.

ಶೆಫೀಲ್ಡೋ, ಸೋಲಿಂಗೆನ್ನೋ

ಅಲಗಿನ ಅಡ್ಡಕೊಯ್ತವನ್ನು ಕಲ್ಪಿಸಿಕೊಂಡರೆ ಈ ಎರಡು ಊರುಗಳ ವ್ಯತ್ಯಾಸ ತಿಳಿಯುತ್ತದೆ. ಶೆಫೀಲ್ಡ್‌ನ ಹಳೆಯ ಕತ್ತಿ ಬೆಣೆಯಂತೆ: ಬೆನ್ನಿನಿಂದ ಬಾಯಿಯ ತನಕ ನೇರವಾಗಿ ಇಳಿಯುವ ದಪ್ಪ ಉಕ್ಕು. ಇದಕ್ಕೆ ವೆಜ್ ಎನ್ನುತ್ತಾರೆ. 19ನೇ ಶತಮಾನದ ಉತ್ತರಾರ್ಧದಲ್ಲಿ ಜರ್ಮನಿಯವರು ಅಲಗಿನ ಎರಡೂ ಬದಿಯನ್ನು ಒಳಕ್ಕೆ ಕೊರೆದು ತೆಳ್ಳಗೆ ಮಾಡುವುದರಲ್ಲಿ ಹೆಸರು ಮಾಡಿದರು. ಅದು ಹಾಲೋ, ಕೊರೆದದ್ದು ಹೆಚ್ಚಾದರೆ ಫುಲ್ ಹಾಲೋ, ಅರ್ಧಕ್ಕೆ ನಿಂತರೆ ಹಾಫ್ ಹಾಲೋ.

ಬಳಸುವವನಿಗೆ ಏನು ಬೇರೆ? ವೆಜ್ ಕತ್ತಿ ದಪ್ಪ ಗಡ್ಡವನ್ನು ತನ್ನ ಭಾರದಲ್ಲೇ ಸದ್ದಿಲ್ಲದೆ ಬೀಳಿಸುತ್ತದೆ, ಅಲಗು ಬಾಗುವುದಿಲ್ಲ. ಹಾಲೋ ಕತ್ತಿ ಕೂದಲು ಕಡಿದಾಗಲೆಲ್ಲ ಕರಕರ ಎಂದು ಹಾಡುತ್ತದೆ. ಈ ಸದ್ದು ಹೊಸಬರಿಗೆ ಗುರುವಿದ್ದಂತೆ, ಕೋನ ತಪ್ಪಿದರೆ ಸದ್ದೂ ಬದಲಾಗುತ್ತದೆ. ಮಸೆಯುವಾಗಲಂತೂ ಅಜಗಜಾಂತರ. ವೆಜ್‌ನ ಅಗಲ ಮೈಯೆಲ್ಲ ಕಲ್ಲಿಗೆ ಅಂಟುತ್ತದೆ, ಸವೆಸಬೇಕಾದ ಉಕ್ಕು ಹೆಚ್ಚು. ಅದರಲ್ಲೂ ಸೊಟ್ಟ ಬೆನ್ನಿನ ಶೆಫೀಲ್ಡ್ ಸಿಕ್ಕಿದರೆ ಒಂದು ಭಾನುವಾರ ಪೂರ್ತಿ ಅದಕ್ಕೇ. ಹಾಲೋ ಕತ್ತಿಯಲ್ಲಿ ಕಲ್ಲಿಗೆ ತಾಗುವುದು ಬೆನ್ನಿನ ಒಂದು ಗೆರೆ, ಬಾಯಿಯ ಒಂದು ಗೆರೆ. ಬೇಗ ಮುಗಿಯುತ್ತದೆ.

ಶೆಫೀಲ್ಡ್ ಹೆಸರಿಗೆ ಒಂದು ಗತ್ತಿದೆ, ಒಪ್ಪುತ್ತೇನೆ. ವೇಡ್ ಅಂಡ್ ಬುಚರ್, ನಕ್ಷತ್ರ ಮತ್ತು ಶಿಲುಬೆಯ ಗುರುತಿನ ಜೋಸೆಫ್ ರಾಡ್ಜರ್ಸ್, ಐಎಕ್ಸ್‌ಎಲ್ ಎಂದು ಒತ್ತುತ್ತಿದ್ದ ವೋಸ್ಟನ್‌ಹೋಮ್ ಅಲ್ಲಿಯ ತಯಾರಕರು. 1740ರ ದಶಕದಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಅಲ್ಲಿ ಮೂಸೆಯಲ್ಲಿ ಉಕ್ಕು ಕರಗಿಸಲು ಶುರುಮಾಡಿದ. ಮೂಸೆಯ ಉಕ್ಕು ನಮಗೆ ಅದಕ್ಕಿಂತ ಎಷ್ಟೋ ಹಳೆಯದು; ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿಯಲ್ಲಿ ಅದರ ಮೂಸೆಗಳ ಅವಶೇಷಗಳು ಸಿಕ್ಕಿವೆ. ಇಂಗ್ಲಿಷರು ಆ ಉಕ್ಕನ್ನು ಕರೆದ 'ವೂಟ್ಜ್' ಎಂಬ ಹೆಸರು ನಮ್ಮ 'ಉಕ್ಕು' ಶಬ್ದದಿಂದಲೇ ಬಂದದ್ದೆಂದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಮೈಕೇಲ್ ಫ್ಯಾರಡೆ 1819ರ ಹೊತ್ತಿಗೆ ಈ ವೂಟ್ಜ್‌ನ ಗುಟ್ಟು ಹುಡುಕುತ್ತ, ಲಂಡನ್ನಿನ ಕತ್ತಿ ತಯಾರಕ ಜೇಮ್ಸ್ ಸ್ಟೊಡಾರ್ಟ್ ಜೊತೆ ಸೇರಿ ಉಕ್ಕಿಗೆ ಬೇರೆ ಬೇರೆ ಲೋಹ ಬೆರೆಸಿ ನೋಡಿದ. ಐನೂರರಲ್ಲಿ ಒಂದು ಪಾಲು ಬೆಳ್ಳಿ ಬೆರೆಸಿದ್ದೂ ಅದರಲ್ಲೊಂದು. ಅಂಥ ಮಿಶ್ರಲೋಹದ ಕ್ಷೌರದ ಕತ್ತಿಗಳನ್ನು ಗೆಳೆಯರಿಗೆ ಉಡುಗೊರೆ ಕೊಡುವುದು ಅವನ ಅಭ್ಯಾಸವಾಗಿತ್ತು. 'ಸಿಲ್ವರ್ ಸ್ಟೀಲ್' ಎಂಬ ಮುದ್ರೆ ಶೆಫೀಲ್ಡ್ ಕತ್ತಿಗಳ ಮೇಲೆ ಬಂದದ್ದು ಆ ಬಳಿಕ. ಇಷ್ಟೆಲ್ಲ ಹೇಳಿದ್ದು ಏಕೆಂದರೆ ಆ ಎರಡು ಶಬ್ದಕ್ಕಾಗಿ ಈಗಲೂ ಇಪ್ಪತ್ತು ಮೂವತ್ತು ಡಾಲರ್ ಹೆಚ್ಚು ಕೇಳುತ್ತಾರೆ. ಕಥೆಗೆ ಕೊಡುವ ಮನಸ್ಸಿದ್ದರೆ ಕೊಡಿ, ಗಡ್ಡಕ್ಕೆ ಗೊತ್ತಾಗುವುದಿಲ್ಲ.

ಹಾಗೆಯೇ "ದೇಶದ ಹೆಸರಿಲ್ಲ, ಆದ್ದರಿಂದ 1890ಕ್ಕಿಂತ ಹಳೆಯದು" ಎಂಬ ಮಾತು ಕೇಳುತ್ತೀರಿ. ಆಮದು ಮಾಲಿನ ಮೇಲೆ ತಯಾರಾದ ದೇಶದ ಹೆಸರಿರಬೇಕೆಂದು ಅಮೆರಿಕ 1890ರ ಕಾಯ್ದೆಯಲ್ಲಿ ಕಡ್ಡಾಯ ಮಾಡಿದ್ದು ನಿಜ. ಆದರೆ ಅದು ಅಮೆರಿಕಕ್ಕೆ ಹೋಗುವ ಮಾಲಿಗೆ ಮಾತ್ರ. ಬೇರೆಡೆ ಮಾರಿದ ಕತ್ತಿಗೆ ಆ ಲೆಕ್ಕ ಕೂರುವುದಿಲ್ಲ.

ಸೋಲಿಂಗೆನ್ ಕಡೆ ಹೆಸರುಗಳು ನೂರಾರು. ಅವಳಿ ಮನುಷ್ಯರ ಗುರುತಿನ ಹೆಂಕೆಲ್ಸ್ (ಆ ಗುರುತು 1731ರದು), ಬೋಕರ್, ಪ್ಯೂಮಾ, 1906ರಲ್ಲಿ ಶುರುವಾದ ಡೋವೋ. ಇವುಗಳ ನಡುವೆ ನೂರಾರು ಅನಾಮಿಕ ಕಾರ್ಖಾನೆಗಳಿದ್ದವು. ಊರಿನ ಹೆಸರನ್ನು ಕಂಡಕಂಡವರು ಬಳಸದಂತೆ 1938ರಲ್ಲಿ ಕಾನೂನೇ ಬಂತು. ಹಾಗಾಗಿ ಕೇಳದ ಹೆಸರಿನ ಕೆಳಗೆ 'ಸೋಲಿಂಗೆನ್' ಎಂದಿದ್ದರೆ, ಬಾಯಿ ಬೆನ್ನು ಸರಿಯಿದ್ದರೆ, ಧೈರ್ಯವಾಗಿ ಕೊಳ್ಳಬಹುದು. ಕಡಿಮೆ ದುಡ್ಡಿಗೆ ಒಳ್ಳೆಯ ಉಕ್ಕು ಸಿಗುವುದು ಇಂಥವುಗಳಲ್ಲೇ.

ಉಳಿದ ಊರುಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಸ್ವೀಡನ್ನಿನ ಎಸ್ಕಿಲ್ಸ್‌ಟೂನಾದ ಹೆಲ್ಯೆಸ್ಟ್ರಾಂಡ್, ಬರ್ಗ್ ಕತ್ತಿಗಳ ಉಕ್ಕು ಗಟ್ಟಿ. ಒಮ್ಮೆ ಹರಿತವಾದರೆ ಬಹಳ ದಿನ ನಿಲ್ಲುತ್ತದೆ, ಹರಿತ ಮಾಡಲು ತಾಳ್ಮೆ ಬೇಕು. ಮಸೆದದ್ದು ಸಿಕ್ಕರೆ ಸೋಲಿಂಗೆನ್‌ಗೆ ಸರಿಸಾಟಿ. ಫ್ರಾನ್ಸಿನ ತಿಯೇರ್ ಊರಿನವು ಸೊಗಸು, ಬೆಲೆ ಜಾಸ್ತಿ. ಅಮೆರಿಕದ ಜೆನೀವಾ ಕಂಪನಿಯ ಜೆಂಕೋದಂಥವು ಆ ದೇಶದಲ್ಲಿರುವ ನಮ್ಮವರಿಗೆ ಅಗ್ಗವಾಗಿ ಸಿಗುತ್ತವೆ. ಜಪಾನಿನ ಕಾಮಿಸೋರಿ ಮಡಚುವಂಥದಲ್ಲ, ಅದರ ಎರಡು ಬದಿಯೂ ಒಂದೇ ಥರ ಇರುವುದಿಲ್ಲ. ಎರಡನೆಯ ವರ್ಷಕ್ಕೆ ಇಟ್ಟುಕೊಳ್ಳಿ.

ಯಾವ ಸ್ಥಿತಿಯಲ್ಲಿ ಕೊಳ್ಳುವುದು

ಊರಿಗಿಂತ ದೊಡ್ಡ ಆಯ್ಕೆ ಇದು.

ಮಸೆದು ಸಿದ್ಧಮಾಡಿದ ಹಳೆಯ ಕತ್ತಿ ನನ್ನ ಅನುಭವದಲ್ಲಿ 70ರಿಂದ 130 ಡಾಲರ್. ದುಬಾರಿ ಎನಿಸುತ್ತದೆ. ಆದರೆ ಹೊಸಬನ ದೊಡ್ಡ ಕಷ್ಟ ಏನೆಂದರೆ, ಮುಖ ಉರಿದರೆ ತಪ್ಪು ಕತ್ತಿಯದೋ ಕೈಯದೋ ಗೊತ್ತಾಗುವುದಿಲ್ಲ. ಬಲ್ಲವರು ಮಸೆದ ಬಾಯಿ ಇದ್ದರೆ ಅರ್ಧ ಸಂಶಯ ಅಲ್ಲಿಗೇ ತೀರುತ್ತದೆ. ಮಾರುವವರನ್ನು ಎರಡು ಮಾತು ಕೇಳಿ: ಯಾವ ಕಲ್ಲಿನಲ್ಲಿ ಮುಗಿಸಿದಿರಿ, ಮಸೆದ ಮೇಲೆ ಅದರಲ್ಲಿ ನೀವೇ ಶೇವ್ ಮಾಡಿ ನೋಡಿದಿರಾ? ಕಲ್ಲಿನ ಹೆಸರು ಹೇಳಲು ತಡವರಿಸಿದರೆ, ಪೇಪರ್ ಕತ್ತರಿಸಿದ ವಿಡಿಯೋ ಕಳಿಸಿದರೆ, ಬೇರೆ ಕಡೆ ನೋಡಿ. ಅಡುಗೆಮನೆಯ ಚಾಕೂ ಪೇಪರ್ ಕತ್ತರಿಸುತ್ತದೆ.

ಸಿಕ್ಕಿದ ಸ್ಥಿತಿಯಲ್ಲೇ ಮಾರುವ ಕತ್ತಿ 15ರಿಂದ 40 ಡಾಲರಿಗೆ ಬರುತ್ತದೆ. ಕೈಕೆಲಸ ಇಷ್ಟಪಡುವವರಿಗೆ ಇದರಷ್ಟು ಖುಷಿ ಇನ್ನೊಂದಿಲ್ಲ. ಲೆಕ್ಕ ಮಾತ್ರ ಪೂರ್ತಿ ಹಾಕಿ. 1000, 4000, 8000, 12000 ನಂಬರಿನ ಕಲ್ಲುಗಳು ಬೇಕು. ಎಲ್ಲ ಸೇರಿ ಹತ್ತು ಸಾವಿರ ರೂಪಾಯಿ ದಾಟುತ್ತದೆ. ಮೂರು ನಾಲ್ಕು ಕತ್ತಿ ಸರಿಮಾಡುವ ಯೋಚನೆ ಇದ್ದರೆ ಗಿಟ್ಟುತ್ತದೆ, ಒಂದೇ ಕತ್ತಿಗಾದರೆ ಅಗ್ಗಕ್ಕೆಂದು ಮುಗ್ಗಿದ ಜೋಳ ತಂದ ಹಾಗೆ. ಬೀದಿಯಲ್ಲಿ ಸೈಕಲ್ ಚಕ್ರ ತಿರುಗಿಸಿ ಸಾಣೆ ಹಿಡಿಯುವವರಿಗೆ ಕೊಟ್ಟರಾಯಿತು ಎಂದುಕೊಳ್ಳಬೇಡಿ. ಕತ್ತರಿ ಮಚ್ಚಿಗೆ ಅವರು ಸರಿ, ಈ ತೆಳು ಅಲಗು ಆ ಬಿಸಿಗೆ ಹದ ಕಳೆದುಕೊಳ್ಳುತ್ತದೆ.

ಬಳಸದೆ ಪೆಟ್ಟಿಗೆಯಲ್ಲೇ ಉಳಿದ ಹಳೆಯ ಕತ್ತಿಗಳೂ ಸಿಗುತ್ತವೆ. ಬೆನ್ನಿನ ಮೇಲೆ ಸವೆತ ಇರುವುದಿಲ್ಲ, ಚಿನ್ನದ ಬಣ್ಣದ ಅಕ್ಷರ ಹಾಗೇ ಇರುತ್ತದೆ. ಕಾರ್ಖಾನೆಯ ಬಾಯಿಯನ್ನು ಹೇಗೂ ಮಸೆಯಲೇಬೇಕು. ಹಣವಿದ್ದವರಿಗೆ ಉತ್ತಮ ಮಾಲು.

ಹೆಸರಾಂತ ಕಂಪನಿಯ ಹೊಸ ಕತ್ತಿಯಲ್ಲಿ ಬಿರುಕು, ತುಕ್ಕು, ಕೊಳೆತ ಹಿಡಿಕೆ ಯಾವ ಭಯವೂ ಇಲ್ಲ. ಆದರೆ ಅದೇ ಗುಣದ ಹಳೆಯದಕ್ಕಿಂತ ಬೆಲೆ ಸುಮಾರು ಎರಡು ಪಟ್ಟು. ಇನ್ನೊಬ್ಬರ ಮುಖಕ್ಕೆ ತಾಗಿದ್ದನ್ನು ಬಳಸಲು ಮನಸ್ಸು ಒಪ್ಪದವರು ಚರ್ಚೆಯೇ ಇಲ್ಲದೆ ಇದನ್ನೇ ಕೊಳ್ಳಿ. ಒಲ್ಲದ ಮನಸ್ಸಿನಲ್ಲಿ ಕತ್ತಿ ಹಿಡಿಯಬಾರದು.

ಆ 1,200 ರೂಪಾಯಿಯ ಹೆಸರಿಲ್ಲದ ಹೊಸದು? ಅದು ಕತ್ತಿಯ ಆಕಾರದ ವಸ್ತು. 'ಸರ್ಜಿಕಲ್ ಸ್ಟೀಲ್' ಎಂದು ಬರೆದಿರುತ್ತಾರೆ. ಹೊಳೆಯುತ್ತದೆ, ಬಾಯಿ ಮಾತ್ರ ನಿಲ್ಲುವುದಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ.

ಇನ್ನುಳಿದದ್ದು ಸಲೂನಿನ ಅರ್ಧ ಬ್ಲೇಡಿನ ಕತ್ತಿ. ಇನ್ನೂರು ಮುನ್ನೂರು ರೂಪಾಯಿ, ಕಲ್ಲು ಬೇಡ, ಚರ್ಮದ ಪಟ್ಟಿ ಬೇಡ. ಈ ಹವ್ಯಾಸ ತನಗೆ ಒಗ್ಗುತ್ತದೋ ಇಲ್ಲವೋ ಎಂದು ನೋಡಲು ಇದರಲ್ಲೇ ಶುರುಮಾಡಿ ಎಂದು ಹೇಳುವವರು ಬಹಳ. ನಾನು ಅರ್ಧ ಒಪ್ಪುತ್ತೇನೆ. ಚರ್ಮ ಬಿಗಿಹಿಡಿಯುವುದು, ಎಡಗೈ ಬಳಸುವುದು ಇದರಲ್ಲಿ ಕಲಿಯಬಹುದು. ಆದರೆ ಹಗುರ, ಅಂಚು ತುಂಬ ಕಟು, ತಪ್ಪನ್ನು ಕ್ಷಮಿಸುವುದಿಲ್ಲ. ಇದರಲ್ಲಿ ಎರಡು ಸಲ ಕೊಯ್ದುಕೊಂಡು "ನಮ್ಮಿಂದಾಗದು" ಎಂದು ಕೈಬಿಟ್ಟವರಲ್ಲಿ ಎಷ್ಟೋ ಜನ ಒಳ್ಳೆಯ ಸೋಲಿಂಗೆನ್ ಹಿಡಿದಿದ್ದರೆ ಉಳಿಯುತ್ತಿದ್ದರು. ತಿಂಗಳಿಗೆ ಹತ್ತು ದಿನ ಊರೂರು ಸುತ್ತುವವರಿಗೆ ಮಾತ್ರ ಇದೇ ವಾಸಿ. ವಿಮಾನದಲ್ಲಿ ಯಾವ ಕತ್ತಿಯೂ ಕೈಚೀಲದಲ್ಲಿ ಹೋಗುವುದಿಲ್ಲ. ಇದಾದರೆ ಮನೆಯಲ್ಲೇ ಬಿಟ್ಟು, ಹೋದ ಊರಿನಲ್ಲಿ ಇನ್ನೊಂದು ಕೊಂಡರಾಯಿತು.

ಜೇಬು ನೋಡಿಕೊಂಡು

ಒಟ್ಟು ಮೂರು ಸಾವಿರದೊಳಗೆ ಮುಗಿಯಬೇಕೆಂದರೆ ಹಳೆಯ ಕತ್ತಿಯ ಆಸೆ ಸದ್ಯಕ್ಕೆ ಬಿಡಿ, ಅರ್ಧ ಬ್ಲೇಡಿನದನ್ನು ಕೊಂಡು ಉಳಿದದ್ದನ್ನು ಕೂಡಿಡಿ. ಹತ್ತು ಹನ್ನೆರಡು ಸಾವಿರ ಇದ್ದರೆ ಮಸೆದ 5/8 ಅಥವಾ 6/8 ಸೋಲಿಂಗೆನ್, ಹಾಫ್ ಅಥವಾ ಫುಲ್ ಹಾಲೋ, ಗುಂಡು ಮೊನೆ. ಸಾಗಣೆ, ಕಸ್ಟಮ್ಸ್ ಸುಂಕ ಈ ಲೆಕ್ಕದೊಳಗೇ ಬರಲಿ. ಎರಡು ಸಾವಿರವನ್ನು ಚರ್ಮದ ಪಟ್ಟಿಗೆ ಮೊದಲೇ ತೆಗೆದಿಡಿ. ಪಟ್ಟಿಯಿಲ್ಲದ ಕತ್ತಿ ನಾಲ್ಕು ದಿನಕ್ಕೆ ಮೊಂಡು. ಶೇವ್‌ಗೆ ಮುಂಚೆ ಪಟ್ಟಿಯ ಮೇಲೆ ಬೆನ್ನು ಮುಂದಾಗಿ ನಲವತ್ತು ಐವತ್ತು ಸಲ ತೀಡಬೇಕು, ತಿರುಗಿಸುವಾಗ ಬೆನ್ನಿನ ಮೇಲೇ ಉರುಳಿಸಬೇಕು. ಮೊದಲ ಪಟ್ಟಿ ಅಗ್ಗದ್ದೇ ಇರಲಿ, ಅದನ್ನು ಕೊಯ್ಯದೆ ಕಲಿತವರನ್ನು ನಾನಂತೂ ಕಂಡಿಲ್ಲ. ಹೀಗೆ ತೀಡುತ್ತಿದ್ದರೆ ಕೆಲವು ತಿಂಗಳು ಕಲ್ಲಿನ ಮಾತೇ ಬರುವುದಿಲ್ಲ.

ಮಂಗಳೂರು, ಕಾರವಾರದ ಕಡೆಯವರಿಗೆ, ಮಲೆನಾಡಿನವರಿಗೆ ಒಂದು ಮಾತು ಹೆಚ್ಚು: ಹಳೆಯ ಕತ್ತಿಗಳೆಲ್ಲ ಹೆಚ್ಚುಕಡಿಮೆ ತುಕ್ಕು ಹಿಡಿಯುವ ಕಾರ್ಬನ್ ಸ್ಟೀಲ್‌ನವು. ಆಷಾಢದಲ್ಲಿ ಬಚ್ಚಲುಮನೆಯಲ್ಲಿ ಒಂದು ರಾತ್ರಿ ಬಿಟ್ಟರೆ ಬೆಳಗ್ಗೆ ಕಿತ್ತಳೆ ಚುಕ್ಕಿ. ಒರೆಸಿ, ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಸವರಿ, ಬೀರುವಿನಲ್ಲಿಡಿ. ಕೊಬ್ಬರಿ ಎಣ್ಣೆ ಬೇಡ, ಅಂಟಾಗುತ್ತದೆ. ಇಷ್ಟು ಗೋಳು ಬೇಡವೆನಿಸಿದರೆ ಸ್ಟೇನ್‌ಲೆಸ್ ಅಲಗಿನ ಹೊಸ ಡೋವೋ ತರಹದ್ದನ್ನು ನೋಡಬಹುದು.

ಆ ಮೂರು ಫೋಟೋಗಳ ವಿಷಯ. ಹಡಗಿನ ಕತ್ತಿ ಮತ್ತು ಕಪ್ಪು ಹಿಡಿಕೆಯದು, ಎರಡರ ಮಾರಾಟಗಾರರಿಗೂ ಇನ್ನೊಂದು ಫೋಟೋ ಕೇಳಿ ಎಂದೆ: ಗೆರೆ ಹಾಕಿದ ನೋಟ್‌ಬುಕ್ಕಿನ ಮೇಲೆ ಅಲಗನ್ನು ಮಲಗಿಸಿ, ಬಾಯಿಯನ್ನು ಒಂದು ಗೆರೆಗೆ ಸರಿಯಾಗಿ ಕೂರಿಸಿ, ನೇರ ಮೇಲಿನಿಂದ ತೆಗೆದದ್ದು. ಎರಡೂ ಬಂದವು. ಕಪ್ಪು ಹಿಡಿಕೆಯದು ಗೆರೆಗೆ ಅಂಟಿಕೊಂಡಂತಿತ್ತು. ಹಡಗಿನದರ ನಡುವೆ, ಗೆರೆಗೂ ಬಾಯಿಗೂ ಮಧ್ಯೆ, ಬಿಳಿ ಕಾಗದ ತೆಳ್ಳಗೆ ಬಿಲ್ಲಿನಂತೆ ಕಾಣುತ್ತಿತ್ತು. ಅವರು ಸೋಲಿಂಗೆನ್ ತರಿಸಿದರು. ಹಡಗಿನದನ್ನೂ ಬಿಡಲಿಲ್ಲವಂತೆ, ಶೋಕೇಸಿಗೆ. ಮೊನ್ನೆ ಮತ್ತೆ ಫೋಟೋ ಬಂತು: ಹೊಚ್ಚ ಹೊಸ ಚರ್ಮದ ಪಟ್ಟಿ, ನಟ್ಟ ನಡುವೆ ಅಡ್ಡಕ್ಕೆ ಒಂದು ಸೀಳು.